ಅದು ‘ಬಿಪಿ ಗಂಟುಬಿದ್ದದ್ದು’ ಅಲ್ಲ: ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ

ಹಾವೇರಿ, ಗದಗ ಕಡೆ ಹುಣಸೆ ಮರದಿಂದ ಬಿದ್ದೋ, ಬೈಕ್ ಉರುಳಿಯೋ ಬೆನ್ನುಹುರಿಗೆ ಪೆಟ್ಟಾದವರ ಮನೆಯಲ್ಲಿ ಈ ಮಾತು ಎಷ್ಟು ಸಲ ಕೇಳಬೇಕೋ: “ಬಿದ್ದಮ್ಯಾಲೆ ಬಿಪಿನೂ ಗಂಟುಬಿತ್ರೀ.” ಬೆನ್ನಿಗೇ ಉಪ್ಪಿನಕಾಯಿ ಬಂದ್. ಇದ್ದಕ್ಕಿದ್ದಂತೆ ತಲೆ ಸಿಡಿದು, ಮುಖ ಕೆಂಪಾಗಿ, ಬೆವರು ಸುರಿದು ಏರುವ ಒತ್ತಡ ಉಪ್ಪಿನ ಬಾಬತ್ತೇ ಅಲ್ಲ. ಅದು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ, ಅಂದರೆ ಗಾಯದ ಕೆಳಗೆ ಮಿದುಳಿನ ಹಿಡಿತ ತಪ್ಪಿ ರಕ್ತದೊತ್ತಡ ಒಮ್ಮೆಲೇ ಏರುವ ಸ್ಥಿತಿ.

ರಕ್ತನಾಳ ಬಿಗಿಮಾಡುವ ನರಕೋಶಗಳು ಬೆನ್ನುಹುರಿಯಲ್ಲಿವೆ, ಅವುಗಳ ಲಗಾಮು ಮಿದುಳಕಾಂಡದ ಕೈಲಿದೆ. ಬೆನ್ನುಹುರಿಯ ಎದೆಭಾಗದ 6ನೇ ಮಟ್ಟ (T6) ಅಥವಾ ಅದಕ್ಕೂ ಮೇಲೆ ಪೆಟ್ಟಾದರೆ ಲಗಾಮು ಹರಿಯುತ್ತದೆ. ವಾರ, ತಿಂಗಳು ಕಳೆದಂತೆ ಗಾಯದ ಕೆಳಗೆ ಸಂವೇದನೆ ತರುವ ಸಣ್ಣ ನರತಂತುಗಳು ಹೊಸ ಕವಲೊಡೆಯುತ್ತವೆ. ಆಮೇಲೆ ಕ್ಯಾತಿಟರ್ (ಮೂತ್ರ ಹೊರಬಿಡುವ ನಳಿಕೆ) ಮಡಚಿ ಮೂತ್ರಕೋಶ ಉಬ್ಬಿದರೆ, ಮಲ ಕಟ್ಟಿದರೆ, ಉಗುರು ಒಳಗೆ ಬೆಳೆದರೂ ಸಾಕು: ಗಾಯದ ಕೆಳಗಿನ ರಕ್ತನಾಳಗಳು ಒಮ್ಮೆಲೇ ಬಿಗಿಯುತ್ತವೆ. ಏರಿದ ಒತ್ತಡದ ಸುದ್ದಿ ಮಿದುಳಿಗೆ ಮುಟ್ಟುತ್ತದೆ, ಅದು ವೇಗಸ್ ನರದ ಮೂಲಕ ಹೃದಯವನ್ನು ನಿಧಾನಿಸುತ್ತದೆ. ಗಾಯದ ಕೆಳಗೆ ಮಾತ್ರ ಅದರ ಅಪ್ಪಣೆ ಇಳಿಯುವುದಿಲ್ಲ. ಮೇಲೆ ಬೆವರು, ಕೆಳಗೆ ತಣ್ಣನೆಯ ಕಾಲು, ನಿಮಿರಿದ ರೋಮ.

ನನಗೆ ತಾಳ್ಮೆ ತಪ್ಪುವುದು ಅಂಕಿಯ ವಿಷಯಕ್ಕೆ. ಇಂಥ ಗಾಯವಾದವರ ಬಿಪಿಯ ಮಾಮೂಲಿ ಮೇಲಿನ ಅಂಕಿ 90ರಿಂದ 110ರ ಆಸುಪಾಸು ಇರುವುದು ಸಾಮಾನ್ಯ. 140 ತೋರಿಸಿದರೆ “ಏನ್ ಭಾಳ ಇಲ್ಲ ಬಿಡ್ರಿ” ಅನ್ನುತ್ತಾರೆ. 100ರ ಮನುಷ್ಯನಿಗೆ ಅದು 40ರ ಜಿಗಿತ; 20ರಿಂದ 40 ಏರಿದರೇ ಎಚ್ಚರಬೇಕು. ಬಿಟ್ಟರೆ ಮಿದುಳಲ್ಲಿ ರಕ್ತಸ್ರಾವವೂ ಆದೀತು.

ಇನ್ನೊಂದು ಅಭ್ಯಾಸ, “ಸ್ವಲ್ಪ ಅಡ್ಡಾಗ್ರಿ” ಅಂತ ಮಲಗಿಸುವುದು. ಮಲಗಿಸಿದರೆ ಒತ್ತಡ ಮತ್ತೂ ಏರುತ್ತದೆ! ನೆಟ್ಟಗೆ ಕೂರಿಸಿ, ಕಾಲು ಇಳಿಬಿಡಿ, ಲುಂಗಿ-ಪ್ಯಾಂಟು ಸಡಿಲಿಸಿ, ಮೊದಲು ಕ್ಯಾತಿಟರ್ ನಳಿಕೆ ನೋಡಿ. ಕೂಡಲೇ ಇಳಿಯದಿದ್ದರೆ ಆಸ್ಪತ್ರೆಗೆ, ದಾರಿಯುದ್ದಕ್ಕೂ ಕೂರಿಸಿಕೊಂಡೇ. ಅಲ್ಲಿ ‘ಬಿಪಿ’ ಅನ್ನದೆ ಡಿಸ್‌ರಿಫ್ಲೆಕ್ಸಿಯಾ ಅಂತಲೇ ಹೇಳಿ.

ಮುಂಜಾನೆ ಹಾಸಿಗೆಯಿಂದ ವ್ಹೀಲ್‌ಚೇರಿಗೆ ಕೂರಿಸುವಾಗ ಅದೇ ಮನುಷ್ಯನ ಒತ್ತಡ ಕುಸಿದು ಕಣ್ಣು ಕತ್ತಲಾಗುವುದೂ ಉಂಟು. ಅದು ಭಂಗಿ ಬದಲಾದಾಗಿನ ಇಳಿಒತ್ತಡ, ಆಗ ಮಲಗಿಸುವುದೇ ಸರಿ. ಪಕ್ಕದ ಮನೆಯವರ ಬಿಪಿ ಗುಳಿಗೆಯನ್ನು ಇಂಥವರಿಗೆ ದಿನಾ ನುಂಗಿಸಿದರೆ ಈ ಕುಸಿತ ಇನ್ನೂ ಜೋರಾಗುತ್ತದೆ.