ಹೆತೆಪ್ ಅಂದರೆ ಏನು?

ಇಮ್‌ಹೊಟೆಪ್, ಅಮೆನ್‌ಹೊಟೆಪ್, ಮೆಂಟುಹೊಟೆಪ್. ಹಳೆಯ ಈಜಿಪ್ಟಿನ ಬಗ್ಗೆ ಸ್ವಲ್ಪ ಓದಿದವರಿಗೂ ಈ ಹೆಸರುಗಳ ಪರಿಚಯ ಇರುತ್ತದೆ. ಮೂರರ ಕೊನೆಗೂ ಒಂದೇ ಪದ ಇದೆ, ಅಲ್ವಾ? ಆ ಪದವೇ ಹೆತೆಪ್. ಈಜಿಪ್ಟಿನವರು ಬರೆಯುವಾಗ ಸ್ವರ ಬಿಟ್ಟು ಹ, ತ, ಪ ಅನ್ನುವ ವ್ಯಂಜನಗಳನ್ನಷ್ಟೇ ಬರೆಯುತ್ತಿದ್ದರು, ಅದಕ್ಕೇ ಕೆಲವರು ಹೆತೆಪ್ ಅಂತಾರೆ, ಕೆಲವರು ಹೊಟೆಪ್ ಅಂತಾರೆ. ಎರಡೂ ಒಂದೇ.

ದೇವರಿಗೋ ಸತ್ತವರಿಗೋ ಇಡುವ ಎಡೆಗೆ ಹೆತೆಪ್ ಅನ್ನುತ್ತಿದ್ದರು. ಆ ಎಡೆ ಪಡೆದವರಿಗೆ ಆಗುವ ತೃಪ್ತಿ, ನೆಮ್ಮದಿ ಇದೆಯಲ್ಲ, ಅದಕ್ಕೂ ಹೆತೆಪ್ ಅಂತಲೇ ಹೆಸರು. ಅಮೆನ್‌ಹೊಟೆಪ್ ಅಂದರೆ 'ಅಮುನ್ ದೇವರು ತೃಪ್ತನಾಗಿದ್ದಾನೆ'. ಇಮ್‌ಹೊಟೆಪ್ ಅಂದರೆ 'ನೆಮ್ಮದಿಯಿಂದ ಬರುವವನು'. ಚಿತ್ರಲಿಪಿಯಲ್ಲಿ ಈ ಪದಕ್ಕೆ ಬರೆಯುವುದು ಒಂದು ಚಾಪೆ, ಅದರ ಮೇಲೆ ಒಂದು ರೊಟ್ಟಿ. ಎಷ್ಟೋ ಗೋರಿಗಳ ಮುಂದೆ ಎಡೆ ಇಡುವ ಕಲ್ಲನ್ನೂ ಇದೇ ಆಕಾರದಲ್ಲಿ ಕೊರೆದಿದ್ದಾರೆ, ಎರೆದ ನೀರು ಹರಿದುಹೋಗಲಿ ಅಂತ ತುದಿಯಲ್ಲಿ ಒಂದು ಕಾಲುವೆ ಬೇರೆ.

ಬಲಿ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ರಕ್ತ. ಈಜಿಪ್ಟಿನಲ್ಲೂ ಎತ್ತು ಕಡಿಯುತ್ತಿದ್ದರು, ಅದರ ಮುಂಗಾಲು ಎಲ್ಲಕ್ಕಿಂತ ಶ್ರೇಷ್ಠ ಭಾಗ, ಗೋರಿಗಳ ಗೋಡೆ ತುಂಬ ಮುಂಗಾಲು ಹೊತ್ತು ತರುವವರ ಚಿತ್ರಗಳಿವೆ. ಆದರೆ ಕಡಿಯುವ ಜಾಗ ಬೇರೆ, ದೇವರ ಮುಂದೆ ಇಡುವ ಜಾಗ ಬೇರೆ. ಮುಖ್ಯವಾದದ್ದು ಊಟ. ಮನುಷ್ಯರ ಬಲಿ ಇರಲೇ ಇಲ್ಲವಾ ಅಂದರೆ, ತೀರಾ ಆರಂಭದಲ್ಲಿ ಇತ್ತು ಅಂತ ಬಹಳ ವಿದ್ವಾಂಸರು ಹೇಳುತ್ತಾರೆ. ಸುಮಾರು 5000 ವರ್ಷದ ಹಿಂದೆ ಅಬಿಡೋಸ್‌ನಲ್ಲಿ ಹೂಳಿದ ಜೆರ್ ಎಂಬ ರಾಜನ ಗೋರಿಯ ಸುತ್ತ ಸೇವಕರ 300ಕ್ಕೂ ಜಾಸ್ತಿ ಸಣ್ಣ ಗೋರಿಗಳಿವೆ. ಮೊದಲನೇ ರಾಜವಂಶ ಮುಗಿಯುವ ಹೊತ್ತಿಗೆ ಆ ಪದ್ಧತಿ ನಿಂತಿತು.

ಸತ್ತವರಿಗೆ ಊಟ ಯಾಕೆ? ಪ್ರತಿ ಮನುಷ್ಯನಿಗೂ 'ಕಾ' ಅನ್ನುವ ಒಂದು ಜೀವಶಕ್ತಿ ಇದೆ ಅಂತ ಅವರ ನಂಬಿಕೆ. ದೇಹ ಸತ್ತರೂ ಕಾ ಉಳಿಯುತ್ತದೆ, ಅದಕ್ಕೆ ಹಸಿವೂ ಆಗುತ್ತದೆ. ಗೋರಿಯ ಗೋಡೆಯಲ್ಲಿ ತೆರೆಯಲು ಬಾರದ ಒಂದು ಕಲ್ಲಿನ ಬಾಗಿಲು ಕೆತ್ತುತ್ತಿದ್ದರು. ಕಾ ಅದರಿಂದ ಹೊರಗೆ ಬಂದು ಎಡೆ ತೆಗೆದುಕೊಳ್ಳುತ್ತದೆ. ದೇವಸ್ಥಾನದಲ್ಲಿ ದೇವರ ಮುಂದಿಟ್ಟದ್ದನ್ನೂ ಆಮೇಲೆ ಎಸೆಯುತ್ತಿರಲಿಲ್ಲ, ಪೂಜಾರಿಗಳು ಹಂಚಿಕೊಂಡು ಉಣ್ಣುತ್ತಿದ್ದರು, ನಮ್ಮ ಪ್ರಸಾದದ ಹಾಗೇ.

ಆದರೆ ಮಕ್ಕಳು ಮೊಮ್ಮಕ್ಕಳು ಮರೆತರೆ? ಈ ಭಯ ಅವರಿಗೆ ನಿಜವಾಗಿಯೂ ಇತ್ತು. ಅಸ್ಯೂತ್ ಊರಿನ ಜೆಫಾಯ್‌ಹಾಪಿ ಎಂಬ ಅಧಿಕಾರಿ, ಮೊದಲನೇ ಸೆನುಸ್ರೆತ್ ರಾಜನ ಕಾಲದವನು, ಬದುಕಿದ್ದಾಗಲೇ ಪೂಜಾರಿಗಳ ಮತ್ತು ಇತರರ ಜೊತೆ 10 ಕರಾರು ಮಾಡಿಕೊಂಡು, ತನ್ನ ಮೂರ್ತಿಗೆ ಯಾವ ದಿನ ಎಷ್ಟು ರೊಟ್ಟಿ, ಎಷ್ಟು ಬಿಯರ್, ದೀಪಕ್ಕೆ ಬತ್ತಿ ಯಾರು ಕೊಡಬೇಕು, ಅದಕ್ಕೆ ಬದಲಾಗಿ ತಾನು ಏನು ಕೊಟ್ಟಿದ್ದೇನೆ ಅನ್ನುವುದನ್ನೆಲ್ಲ ಗೋರಿಯ ಗೋಡೆ ಮೇಲೆ ಕೊರೆಸಿಟ್ಟ.

ಅಷ್ಟು ಆಸ್ತಿ ಇಲ್ಲದವರು ಏನು ಮಾಡಬೇಕು? ನನಗೆ ತುಂಬ ಹಿಡಿಸಿದ ವಿಷಯ ಇದೇ. ಅವರಲ್ಲಿ 'ಪೆರೆತ್ ಖೆರು' ಅಂತ ಇನ್ನೊಂದು ಪದ ಇತ್ತು. 'ದನಿ ಹೊರಡುವುದು' ಅಂತ ಅರ್ಥ. ಎಡೆಯ ಹೆಸರು ಬಾಯಿಬಿಟ್ಟು ಹೇಳಿದರೆ ಸಾಕು, ಅದು ಸತ್ತವರಿಗೆ ಮುಟ್ಟುತ್ತದೆ. ಅದಕ್ಕೇ ಎಷ್ಟೋ ಕಲ್ಲುಗಳ ಮೇಲೆ ದಾರಿಹೋಕರಿಗೆ ಬೇಡಿಕೆ ಬರೆದಿದೆ: ಭೂಮಿಯ ಮೇಲೆ ಬದುಕಿರುವವರೇ, ಇಲ್ಲಿ ಹಾದುಹೋಗುವಾಗ ನನಗಾಗಿ ಸಾವಿರ ರೊಟ್ಟಿ, ಸಾವಿರ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ ಅಂತ ಹೇಳಿ. ಕೆಲವು ಕಲ್ಲುಗಳಲ್ಲಿ ಇದು ಬರೀ ಬಾಯಿಯ ಉಸಿರು, ನಿಮಗೇನೂ ಖರ್ಚಿಲ್ಲ ಅನ್ನುವ ಮಾತೂ ಇದೆ. ಸಾವಿರಾರು ವರ್ಷದ ಹಿಂದೆ ಯಾರೋ ಒಬ್ಬರು, ಯಾರು ಅಂತ ಗೊತ್ತಿಲ್ಲದ ಓದುಗನ ಹತ್ತಿರ ಹೀಗೆ ಕೇಳಿಕೊಂಡಿದ್ದಾರೆ ಅಂದರೆ ಮನಸ್ಸು ಕರಗುತ್ತದೆ.

ಕಲ್ಲಿನ ಮೇಲೆ ಬರೆದ, ಎಡೆಯ ಹೆಸರು ಹೇಳುವ ಈ ಮಂತ್ರ ಶುರುವಾಗುವುದು 'ಹೆತೆಪ್ ದಿ ನೆಸು' ಅಂತ, ಅಂದರೆ 'ರಾಜ ಕೊಡುವ ಎಡೆ'. ದೇವರ ಮುಂದೆ ನಿಂತು ಕೊಡುವ ಹಕ್ಕು ರಾಜನೊಬ್ಬನದೇ, ಪೂಜಾರಿ ಅವನ ಪರವಾಗಿ ಮಾಡುವವನು. ರಾಜ ಆ ಎಡೆಯನ್ನು ಸತ್ತವರ ಲೋಕದ ದೇವರಾದ ಒಸಿರಿಸ್‌ಗೆ ಕೊಡುತ್ತಾನೆ, ಒಸಿರಿಸ್ ಅದನ್ನು ಸತ್ತವನ 'ಕಾ' ಎಂಬ ಆ ಜೀವಶಕ್ತಿಗೆ ತಲುಪಿಸುತ್ತಾನೆ. ಮ್ಯೂಸಿಯಂನಲ್ಲಿ ಈಜಿಪ್ಟಿನ ಗೋರಿಕಲ್ಲು ಕಂಡರೆ ಬರಹ ಶುರುವಾಗುವ ಜಾಗ ಹುಡುಕಿ. ರಾಜನನ್ನು ಸೂಚಿಸುವ ಒಂದು ಗಿಡ, ಹತ್ತಿರದಲ್ಲೇ ಚಾಪೆ ಮೇಲಿನ ರೊಟ್ಟಿ, ಒಂದು ತ್ರಿಕೋನ. ಸಾಮಾನ್ಯವಾಗಿ ಬರಹದ ಕೊನೆಯ ಕಡೆ, ಯಾರಿಗಾಗಿ ಈ ಎಡೆ ಅಂತ ಅವರ ಹೆಸರು ಇರುತ್ತದೆ.