ಮೈಸೂರು ನೋಡೋಕೆ ಕಾರು ಬೇಕೇ ಬೇಕಾ?

ಪ್ರಶ್ನೆ: ನಾವು ಮಂಡ್ಯದವರು. ನಾನು, ನಮ್ಮ ಯಜಮಾನರು, ಹನ್ನೊಂದು ವರ್ಷದ ಮಗಳು, ಎಂಟು ವರ್ಷದ ಮಗ, ಜೊತೆಗೆ ಅರವತ್ತೆಂಟು ವರ್ಷದ ಅತ್ತೆ. ರಜೆಯಲ್ಲಿ ಒಂದು ದಿನ ಮೈಸೂರಿಗೆ ಹೋಗಿಬರೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಕಾರು ಬಾಡಿಗೆಗೆ ತಗೊಂಡರೆ ದುಡ್ಡು ಜಾಸ್ತಿ. ಬಸ್ಸು, ರೈಲು ಅಂದರೆ ಅತ್ತೆಗೆ ಮಂಡಿ ನೋವು, ಸುಸ್ತಾಗುತ್ತದೆ ಅಂತ ಭಯ. ಖರ್ಚೂ ಕಡಿಮೆ ಆಗಬೇಕು, ಅವರಿಗೂ ತೊಂದರೆ ಆಗಬಾರದು. ಏನು ಮಾಡೋದು?

ಉತ್ತರ: ಕಾರು ಬೇಡ. ಮಂಡ್ಯದಿಂದ ಮೈಸೂರು 45 ಕಿ.ಮೀ. ಆಸುಪಾಸು. ಇಷ್ಟು ದೂರ ಹೋಗಿಬರೋದಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ. ದುಡ್ಡು ಸೋರುವುದು ಮೈಸೂರು ಮುಟ್ಟಿದ ಮೇಲೆ. ಇಲ್ಲಿಂದ ಅಲ್ಲಿಗೊಂದು ಆಟೊ, ಹೊತ್ತು ಮೀರಿ ಹಸಿದಾಗ ಕಣ್ಣಿಗೆ ಬಿದ್ದ ಹೋಟೆಲ್ಲು, ಬಾಗಿಲು ಹಾಕಿದ ಜಾಗಕ್ಕೆ ಹೋಗಿ ವಾಪಸ್ ಬರುವ ಓಡಾಟ. ವಯಸ್ಸಾದವರಿಗೆ ಸುಸ್ತಾಗುವುದೂ ಇದರಲ್ಲೇ. ಯಾವುದಾದ ಮೇಲೆ ಯಾವುದು ಅಂತ ಮನೆಯಲ್ಲೇ ಕೂತು ಗೊತ್ತುಮಾಡಿಕೊಂಡು ಹೊರಟರೆ ಅರ್ಧ ತಲೆನೋವು ಕಳೆಯಿತು.

ಮೊದಲು ಬಸ್ಸಿನ ಲೆಕ್ಕ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದಾಗಿನಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ನೀವು, ಅತ್ತೆ, ಮಗಳು ಮೂವರೂ ಉಚಿತ. ಯಜಮಾನರಿಗೆ ಪೂರ್ತಿ ಟಿಕೆಟ್, ಮಗನಿಗೆ ಅರ್ಧ. ಐದು ಜನಕ್ಕೆ ಒಂದೂವರೆ ಟಿಕೆಟ್! ಮೈಸೂರಿನ ಸಿಟಿ ಬಸ್ಸುಗಳಿಗೂ ಇದೇ ಲೆಕ್ಕ. ರಾಜಹಂಸ, ಐರಾವತ, ಎ.ಸಿ. ಬಸ್ಸುಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಮೂವರ ಆಧಾರ್ ಕಾರ್ಡೂ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಬ್ಯಾಗಿನ ತಳದಲ್ಲಿ ಬೇಡ. ಉಚಿತ ಅಂತ ಸುಮ್ನೆ ಕೂರಬೇಡಿ, ಕಂಡಕ್ಟರ್ ಹತ್ತಿರ ಶೂನ್ಯ ಟಿಕೆಟ್ ಕೇಳಿ ತಗೊಳ್ಳಿ. ಇಳಿಯುವ ತನಕ ಅದು ಕೈಯಲ್ಲಿರಲಿ. ಚೆಕಿಂಗ್‌ನವರು ಹತ್ತಿದಾಗ ಅವರು ಕೇಳುವುದು ಅದನ್ನೇ.

ಇನ್ನು ರೈಲು. ಹಿರಿಯ ನಾಗರಿಕರಿಗೆ ರೈಲ್ವೆಯವರು ಕೊಡುತ್ತಿದ್ದ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತದ್ದು, ಅತ್ತೆಗೆ ಅಂತ ಅಲ್ಲಿ ಏನೂ ಉಳಿಯುವುದಿಲ್ಲ. ಐವರಿಗೂ ಟಿಕೆಟ್ ತೆಗೆಯಬೇಕು. ಆದರೆ ಪ್ಯಾಸೆಂಜರ್ ಮತ್ತು ಮೆಮು ರೈಲಿನ ದರ ಎಷ್ಟು ಕಡಿಮೆ ಅಂದರೆ, ಐವರಿಗೆ ತೆಗೆದರೂ ಬಸ್ಸಿನ ಒಂದೂವರೆ ಟಿಕೆಟ್ಟಿಗಿಂತ ಜಾಸ್ತಿ ಆಗುವುದು ಕಷ್ಟ. ಒಂದು ಎಚ್ಚರಿಕೆ: ಪ್ಯಾಸೆಂಜರ್ ಟಿಕೆಟ್ ಇಟ್ಟುಕೊಂಡು ಎಕ್ಸ್‌ಪ್ರೆಸ್ ಹತ್ತಿದರೆ ದಂಡ ಬೀಳುತ್ತದೆ. ಕೌಂಟರಿನಲ್ಲಿ ಬರೀ 'ಮೈಸೂರಿಗೆ ಐದು' ಅನ್ನಬೇಡಿ, ಯಾವ ರೈಲು ಅಂತಲೂ ಹೇಳಿ.

ದುಡ್ಡಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹಾಗಾದರೆ ಅತ್ತೆಯ ಮಂಡಿ ನೋಡಿ ತೀರ್ಮಾನ ಮಾಡಿ. ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಮಂಡಿ ನೋವಿನವರಿಗೆ ಅದೇ ದೊಡ್ಡ ಪರೀಕ್ಷೆ. ರೈಲಿನಲ್ಲಿ ಕಾಲು ಚಾಚಬಹುದು, ಎದ್ದು ಓಡಾಡಬಹುದು, ಶೌಚಾಲಯ ಇರುತ್ತದೆ. ಬೆಳಿಗ್ಗೆ ಪಾಸಿನವರ ನೂಕುನುಗ್ಗಲು ಜಾಸ್ತಿ ಇರುವುದು ಬೆಂಗಳೂರಿನ ಕಡೆಗೆ ಹೋಗುವ ರೈಲಿನಲ್ಲಿ, ನೀವು ಹೋಗುವುದು ಅದರ ಎದುರು ದಿಕ್ಕಿಗೆ. ಆದ್ದರಿಂದ ಹೋಗುವಾಗ ರೈಲು, ಬರುವಾಗ ಬಸ್ಸು. ರಾತ್ರಿ ಹೊತ್ತು ರೈಲಿನ ಸಮಯಕ್ಕೆ ಕಾಯುತ್ತಾ ಮಕ್ಕಳನ್ನು ಪ್ಲಾಟ್‌ಫಾರಂನಲ್ಲಿ ಕೂರಿಸಿಕೊಳ್ಳುವುದು ಬೇಡ. ಬಸ್ಸು ಒಂದು ಹೋದರೆ ಇನ್ನೊಂದು ಬರುತ್ತದೆ.

ಯಾವ ದಿನ ಹೋಗೋದು? ಮಂಗಳವಾರ ಅಂತೂ ಬೇಡ, ಮೃಗಾಲಯಕ್ಕೆ ವಾರದ ರಜೆ. ಅರಮನೆಗೆ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜಾ ದಿನಗಳಲ್ಲಿ, ಸಂಜೆ 7 ಗಂಟೆಗೆ. ಮಕ್ಕಳಿಗೆ ದೀಪ ತೋರಿಸಬೇಕು ಅಂದರೆ ವಾರದ ನಡುವೆ ಬಿದ್ದ ರಜಾ ದಿನ ಎಲ್ಲಕ್ಕಿಂತ ಒಳ್ಳೆಯದು. ಭಾನುವಾರ ಸಂಜೆ ಬೆಂಗಳೂರಿನವರೆಲ್ಲ ಒಟ್ಟಿಗೇ ವಾಪಸ್ ಹೊರಡುತ್ತಾರೆ, ಬಸ್ ಸ್ಟ್ಯಾಂಡು ಜಾತ್ರೆಯಾಗಿರುತ್ತದೆ. ದಸರಾ ಹತ್ತು ದಿನ, ಆಷಾಢದ ಶುಕ್ರವಾರ ಇವೆರಡನ್ನೂ ಬಿಟ್ಟುಬಿಡಿ. ಆ ದಿನಗಳ ಸಂಭ್ರಮವೇ ಬೇರೆ, ಒಪ್ಪುತ್ತೇನೆ. ಆದರೆ ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವ ದಿನಗಳಲ್ಲ ಅವು.

ಬೆಟ್ಟ ಮೊದಲು. ರೈಲು ನಿಲ್ದಾಣದಿಂದ ಸಿಟಿ ಬಸ್ ಸ್ಟ್ಯಾಂಡಿಗೆ ಬಂದು ಚಾಮುಂಡಿ ಬೆಟ್ಟದ 201 ನಂಬರಿನ ಬಸ್ಸು ಹತ್ತಿ. ಬೆಳಿಗ್ಗೆ ಬೇಗ ಹೋದರೆ ಸಾಲೂ ಚಿಕ್ಕದು, ಬಿಸಿಲೂ ಕಡಿಮೆ. ಮಧ್ಯಾಹ್ನ ಗುಡಿಯ ಬಾಗಿಲು ಸ್ವಲ್ಪ ಹೊತ್ತು ಹಾಕಿರುತ್ತಾರೆ, ಆಗ ಹೋದವರು ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮು, ಕಡಲೆಕಾಯಿ ಅಂತ ಖರ್ಚು ಮಾಡುತ್ತಾ ಕಾಯಬೇಕಾಗುತ್ತದೆ. 'ಮೆಟ್ಟಿಲು ಇಳಿದುಕೊಂಡೇ ಹೋಗೋಣ, ನಂದಿಯನ್ನೂ ನೋಡಬಹುದು' ಅಂತ ಯಾರಾದರೂ ಅಂದರೆ ಅತ್ತೆಯ ಪರವಾಗಿ ನೀವೇ ಬೇಡ ಅನ್ನಿ. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕೆಟ್ಟದ್ದು. ಹೋದ ಬಸ್ಸಿನ ದಾರಿಯಲ್ಲೇ ಕೆಳಗೆ ಬನ್ನಿ.

ಮಧ್ಯಾಹ್ನಕ್ಕೆ ಒಂದು ಸಲಹೆ, ನಿಮಗೆ ವಿಚಿತ್ರ ಅನ್ನಿಸಬಹುದು: ಊಟ ಆದ ಮೇಲೆ ಎರಡು ಗುಂಪಾಗಿ. ಎಲ್ಲರೂ ಎಲ್ಲವನ್ನೂ ನೋಡಲೇಬೇಕು ಅನ್ನುವುದರಲ್ಲೇ ದಿನ ಹಾಳಾಗುವುದು. ಯಜಮಾನರು ಮಕ್ಕಳನ್ನು ಕರೆದುಕೊಂಡು ಮೃಗಾಲಯಕ್ಕೆ ಹೋಗಲಿ. 1892ರಲ್ಲಿ ಶುರುವಾದ ಈ ಮೃಗಾಲಯ ಒಳಗೆ ಹೊಕ್ಕರೆ ಕಿಲೋಮೀಟರುಗಟ್ಟಲೆ ನಡಿಗೆ. ವಯಸ್ಸಾದವರಿಗೆ ಬ್ಯಾಟರಿ ಗಾಡಿ ಇದೆ, ಆದರೆ ಅದಕ್ಕೆ ಬೇರೆ ದುಡ್ಡು. ಅತ್ತೆಗೆ ನಿಜವಾಗಿ ಜಿರಾಫೆ ನೋಡಬೇಕಾ ಅಂತ ಒಮ್ಮೆ ಕೇಳಿ ನೋಡಿ. ಬೇಡ ಅಂದರೆ ನೀವಿಬ್ಬರೂ ಅರಮನೆಗೆ ಹೋಗಿ. ಹೀಗೆ ಮಾಡಿದರೆ ಎರಡೂ ಕಡೆ ಟಿಕೆಟ್ಟಿನ ದುಡ್ಡು ಉಳಿಯುತ್ತದೆ. ಇನ್ನೊಂದು ಲಾಭ ಯಾರಿಗೂ ತಕ್ಷಣ ಹೊಳೆಯುವುದಿಲ್ಲ: ಆಟೊದಲ್ಲಿ ಮೂರೇ ಜನ. ಐವರು ಒಟ್ಟಿಗೆ ಹೊರಟರೆ ಪ್ರತಿ ಸಲ ಎರಡು ಆಟೊ ಬೇಕು. ಮೂರು ಮತ್ತು ಎರಡಾಗಿ ಒಡೆದರೆ ಬೇರೆ ಬೇರೆ ಜಾಗಕ್ಕೆ ಒಂದೊಂದೇ ಸಾಕು.

ಮಕ್ಕಳು ಅರಮನೆ ಒಳಗೆ ನೋಡಲಿಲ್ಲ ಅಂತ ಬೇಜಾರು ಬೇಡ. ನಮ್ಮ ಕಡೆ ಶಾಲೆಯವರು ಪ್ರವಾಸ ಅಂತ ಹೊರಟರೆ ಮೊದಲು ಬರುವುದೇ ಅಲ್ಲಿಗೆ, ಅಲ್ವಾ?

ಅರಮನೆಯಲ್ಲಿ ಆತುರ ಬೇಡ. ಚಪ್ಪಲಿ ಹೊರಗೇ ಬಿಡಬೇಕು. ಅತ್ತೆಗೆ ಬರಿಗಾಲಲ್ಲಿ ನಿಲ್ಲುವುದು ಕಷ್ಟವಾದರೆ ಒಂದು ಜೊತೆ ಕಾಲುಚೀಲ ಇರಲಿ. ಗೈಡ್ ಬೇಕೇ ಬೇಕು ಅಂತಿಲ್ಲ, ಎರಡು ಮೂರು ವಿಷಯ ಗೊತ್ತಿದ್ದರೆ ಸಾಕು. ಹಳೆಯ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಬೆಂಕಿಗೆ ಸುಟ್ಟುಹೋಯಿತು. ಈಗಿನದು ಹೆನ್ರಿ ಇರ್ವಿನ್ ನಕ್ಷೆಯಂತೆ ಕಟ್ಟಿ 1912ರಲ್ಲಿ ಮುಗಿದದ್ದು. ಕಲ್ಯಾಣ ಮಂಟಪದಲ್ಲಿ ಜಾಸ್ತಿ ಹೊತ್ತು ನಿಲ್ಲಿ. ತಲೆಯ ಮೇಲೆ ನವಿಲುಗಳ ಬಣ್ಣದ ಗಾಜಿನ ಚಾವಣಿ, ಸುತ್ತಲೂ ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳು. ಗೋಡೆಯ ಉದ್ದಕ್ಕೂ ದಸರಾ ಮೆರವಣಿಗೆಯ ಚಿತ್ರಗಳಿವೆ. 1930ರ ದಸರಾದ ಫೋಟೊಗಳನ್ನು ಇಟ್ಟುಕೊಂಡು ಬಿಡಿಸಿದವು. ಆನೆ, ಕುದುರೆ, ಪಟಾಲಮ್ಮು, ಪೇಟ ಸುತ್ತಿದವರು. ಒಬ್ಬರ ಮುಖ ಇನ್ನೊಬ್ಬರ ಹಾಗಿಲ್ಲ. ಜನ ಇವನ್ನು ದಾಟಿ ಅಂಬಾರಿ ನೋಡಲು ಓಡುತ್ತಾರೆ. ನೀವು ಒಂದೊಂದೇ ಚಿತ್ರದ ಮುಂದೆ ನಿಂತು ಅತ್ತೆಯನ್ನು ಮಾತಿಗೆಳೆಯಿರಿ. ಹಳೆಯ ದಸರಾ ಬಗ್ಗೆ ಅವರ ತಾಯಿ, ಅಜ್ಜಿ ಹೇಳಿದ್ದು ಏನಾದರೂ ನೆನಪಿಗೆ ಬಂದೇ ಬರುತ್ತದೆ. ಅದು ಯಾವ ಗೈಡ್ ಹತ್ತಿರವೂ ಇರುವುದಿಲ್ಲ.

ಅರಮನೆಯ ಸುತ್ತಮುತ್ತ ಯಾರಾದರೂ ಬಂದು 'ಈಗ ಬಾಗಿಲು ಹಾಕಿದೆ, ಅಷ್ಟರಲ್ಲಿ ಮಾರ್ಕೆಟ್ಟು, ರೇಷ್ಮೆ ಅಂಗಡಿ ತೋರಿಸ್ತೀನಿ' ಅಂದರೆ ನಂಬಬೇಡಿ. ಬೆಳಿಗ್ಗೆ 10ರಿಂದ ಸಂಜೆ 5.30ರ ತನಕ ಅರಮನೆ ತೆರೆದೇ ಇರುತ್ತದೆ. ಅವರಿಗೆ ಬೇಕಾಗಿರುವುದು ಅಂಗಡಿಯವರ ಕಮಿಷನ್ನು. ದೇವರಾಜ ಮಾರುಕಟ್ಟೆಗೆ ನೀವೇ ಹೋಗಬಹುದು, ದೂರವಿಲ್ಲ. ಹೂವಿನ ಸಾಲಿನಲ್ಲಿ ಒಂದು ಸುತ್ತು ಹಾಕಿ ಒಂದು ಮೊಳ ಮಲ್ಲಿಗೆ ಮುಡಿದು ಬಂದರೆ ಅಷ್ಟೇ ಸಾಕು, ಟಿಕೆಟ್ಟೂ ಇಲ್ಲ.

ಊಟದ ವಿಷಯಕ್ಕೆ ಬರೋಣ. ಬೆಳಗಿನ ತಿಂಡಿ ಮನೆಯಿಂದಲೇ ಕಟ್ಟಿಕೊಳ್ಳಿ, ಇಡ್ಲಿ ಅಥವಾ ಚಪಾತಿ, ರೈಲಿನಲ್ಲೇ ತಿಂದು ಮುಗಿಸಿ. ಮಧ್ಯಾಹ್ನಕ್ಕೂ ಬುತ್ತಿ ಹೊರುವುದು ನನಗೆ ಸರಿ ಅನ್ನಿಸುವುದಿಲ್ಲ. ಬೇಸಿಗೆಯಲ್ಲಿ ಅನ್ನ ಹಳಸುತ್ತದೆ, ಡಬ್ಬಿಗಳ ಭಾರ ದಿನವಿಡೀ ನಿಮ್ಮ ಹೆಗಲಿಗೇ. ಅರಮನೆ ಎದುರಿನ ಬೋರ್ಡುಗಳನ್ನು ಬಿಟ್ಟು ಎರಡು ಬೀದಿ ಒಳಗೆ ಹೋಗಿ. ಅಂಗಡಿ ಕೆಲಸದವರು, ಆಫೀಸಿನವರು ಊಟಕ್ಕೆ ಹೋಗುವ ಮೆಸ್ಸು, ದರ್ಶಿನಿ ಸಿಗುತ್ತವೆ. ಹನ್ನೆರಡೂವರೆಗೆ ಕೂತರೆ ಜಾಗವೂ ಸಿಗುತ್ತದೆ, ಸಾರೂ ಬಿಸಿಯಾಗಿರುತ್ತದೆ. ಇನ್ನೂ ಉಳಿಸಬೇಕು ಅಂದರೆ ಇಂದಿರಾ ಕ್ಯಾಂಟೀನ್ ಇದೆ, ತಿಂಡಿಗೆ 5 ರೂಪಾಯಿ, ಊಟಕ್ಕೆ 10. ಅತ್ತೆ ಇರುವಾಗ ಮಧ್ಯಾಹ್ನದ ಊಟವನ್ನು ನೆಮ್ಮದಿಯಾಗಿ ಕೂತು ಮಾಡುವ ಕಡೆ ಮಾಡಿ. ಖರ್ಚು ಉಳಿಸಲು ಹೋಗಬಾರದ ಜಾಗ ಅದೊಂದೇ. ಆ ಅರ್ಧ ಗಂಟೆಯೇ ಅವರಿಗೆ ವಿಶ್ರಾಂತಿ.

ಪ್ರಯಾಣ ಅಂದರೆ ನಮ್ಮ ಹಿರಿಯ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಶೌಚಾಲಯ ಎಲ್ಲಿ ಸಿಗುತ್ತದೋ ಅನ್ನುವ ಭಯಕ್ಕೆ. 'ಬಾಯಾರಿಕೆ ಇಲ್ಲ ಕಣಮ್ಮ' ಅನ್ನುತ್ತಾರೆ, ಸಂಜೆ ಹೊತ್ತಿಗೆ ತಲೆಸುತ್ತು ಬರುತ್ತದೆ. ಬಸ್ಸು, ರೈಲಿನ ಪ್ರಯಾಣ ಆಗಲಿಲ್ಲ ಅಂತ ಹೇಳುವುದರಲ್ಲಿ ಅರ್ಧ ಇದೇ ಕಾರಣ. ಅತ್ತೆ ಕೇಳುವ ಮೊದಲೇ ನೀವು ಹೇಳಿಬಿಡಿ: ರೈಲು ಇಳಿದ ತಕ್ಷಣ ನಿಲ್ದಾಣದಲ್ಲಿ ಒಮ್ಮೆ, ಊಟದ ಹೋಟೆಲ್ಲಿನಲ್ಲಿ ಒಮ್ಮೆ, ಅರಮನೆ ಆವರಣದಲ್ಲಿ ಒಮ್ಮೆ, ಬಸ್ಸು ಹತ್ತುವ ಮೊದಲು ಒಮ್ಮೆ. ಚಿಲ್ಲರೆ ಕೈಯಲ್ಲಿರಲಿ. ಆಮೇಲೆ ನೋಡಿ, ಅವರೇ ಬಾಟಲಿ ಕೇಳಿ ತಗೊಳ್ಳುತ್ತಾರೆ. ಬಾಟಲಿ ಸ್ಟೀಲಿನದ್ದಾಗಿರಲಿ, ಮೃಗಾಲಯದಲ್ಲಿ ಪ್ಲಾಸ್ಟಿಕ್ಕಿಗೆ ತಕರಾರು ಬರುತ್ತದೆ. ಮಾತ್ರೆಗಳು ಅವರ ಕೈಚೀಲದಲ್ಲೇ ಇರಲಿ.

ಸಂಜೆ ಬೃಂದಾವನಕ್ಕೂ ಹೋಗೋಣ ಅಂತ ಮಕ್ಕಳು ಕುಣಿಯುತ್ತಾರೆ. ಒಂದೇ ದಿನಕ್ಕೆ ಅದನ್ನು ತುರುಕಬೇಡಿ. ಕೆಆರ್‌ಎಸ್ ಇರುವುದು ನಿಮ್ಮ ಮಂಡ್ಯ ಜಿಲ್ಲೆಯಲ್ಲೇ, ಇನ್ನೊಂದು ಸಂಜೆ ಹೋದರಾಯಿತು. ಈ ದಿನ ಆರೂವರೆಗೆ ಎಲ್ಲರೂ ಅರಮನೆ ಎದುರು ಸೇರಿ. ಒಳಗೇ ಇರಬೇಕು ಅಂತೇನಿಲ್ಲ, ದ್ವಾರದ ಹೊರಗೆ ನಿಂತರೂ ಚೆನ್ನಾಗಿ ಕಾಣುತ್ತದೆ. ನೋಡಬೇಕಾದದ್ದು ದೀಪ ಹತ್ತುವ ಗಳಿಗೆ. ಮಸುಕು ಕತ್ತಲೆಯಲ್ಲಿ ನಿಂತಿದ್ದ ಕಟ್ಟಡಕ್ಕೆ ಒಮ್ಮೆಗೇ ಸಾವಿರಾರು ಬಲ್ಬು ಹತ್ತಿ, ಕಮಾನು, ಗೋಪುರ ಎಲ್ಲ ಗೆರೆ ಎಳೆದ ಹಾಗೆ ಎದ್ದು ಬರುತ್ತದೆ. ಸುತ್ತ ನಿಂತವರೆಲ್ಲ 'ಹೋ' ಅನ್ನುತ್ತಾರೆ. ಆಮೇಲೆ ಆರುವ ತನಕ ಅದೇ ನೋಟ. ಆದ್ದರಿಂದ ಏಳೂಕಾಲಿಗೆ ಹೊರಟುಬಿಡಿ. ದೀಪ ಆರಿದ ಮೇಲೆ ಜನರೆಲ್ಲ ಒಟ್ಟಿಗೆ, ಹೊರ ಊರಿನ ಬಸ್ಸುಗಳು ಹೊರಡುವ ಸಬರ್ಬನ್ ಸ್ಟ್ಯಾಂಡಿನ ಕಡೆ ಹೊರಡುತ್ತಾರೆ. ನೀವು ಅವರಿಗಿಂತ ಅರ್ಧ ಗಂಟೆ ಮುಂದಿದ್ದರೆ ಸೀಟು ನಿಮ್ಮದು.

ಬಸ್ಸು ಹತ್ತುವ ಮೊದಲು ಕಂಡಕ್ಟರನ್ನು ಒಂದು ಮಾತು ಕೇಳಿ: 'ಮಂಡ್ಯ ಊರೊಳಗೆ ಹೋಗುತ್ತಾ?' ಎಕ್ಸ್‌ಪ್ರೆಸ್ ಹೈವೇ ಆದ ಮೇಲೆ ಬೆಂಗಳೂರಿನ ಎಷ್ಟೋ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಕೇಳದೆ ಹತ್ತಿದರೆ ಬಸ್ಸು ಹೊರಟ ಮೇಲೆ ಜಗಳ, ರಾತ್ರಿ ಹೊತ್ತು ಊರಾಚೆ ಇಳಿದು ಆಟೊ ಹುಡುಕಾಟ. ಮಂಡ್ಯಕ್ಕೇ ಹೋಗುವ ಬಸ್ಸು, ಇಲ್ಲವೇ ಎಲ್ಲ ಕಡೆ ನಿಲ್ಲಿಸುವ ಬಸ್ಸು ಹುಡುಕಿ. ಸ್ವಲ್ಪ ನಿಧಾನ ಆಗಬಹುದು, ಆದರೆ ನಿಮ್ಮ ಬಸ್ ಸ್ಟ್ಯಾಂಡಿಗೇ ಬಂದು ನಿಲ್ಲುತ್ತದೆ.

ಕಾರು ಬೇಡ ಅಂದೆ. ಒಂದು ಸಂದರ್ಭ ಮಾತ್ರ ಬೇರೆ. ಅತ್ತೆಗೆ ಮನೆಯ ಮೆಟ್ಟಿಲು ಹತ್ತಲೂ ಯಾರಾದರೂ ಕೈ ಹಿಡಿಯಬೇಕು ಅನ್ನುವ ಸ್ಥಿತಿ ಇದ್ದರೆ, ಸಿಟಿ ಬಸ್ಸು ಅವರಿಂದ ಆಗುವುದಿಲ್ಲ. ಆಗಲೂ ಮಂಡ್ಯದಿಂದ ಕಾರು ಬೇಡ. ರೈಲಿನಲ್ಲೇ ಬನ್ನಿ. ಬೆಟ್ಟಕ್ಕೆ ಹೋಗಿಬರಲು ಮಾತ್ರ ಮೈಸೂರಿನಲ್ಲಿ ಒಂದು ಕಾರು ಮಾಡಿಕೊಳ್ಳಿ, ಕಾಯುವ ಹೊತ್ತಿಗೆ ಎಷ್ಟು ಅಂತ ಹೊರಡುವ ಮೊದಲೇ ಮಾತಾಡಿ, ಅಂಗಡಿಗಳಿಗೆ ನಿಲ್ಲಿಸುವುದು ಬೇಡ ಅಂತಲೂ ಹೇಳಿಬಿಡಿ.