ಪರೀಕ್ಷಾ ಕೊಠಡಿಯಲ್ಲಿ ಆಳು ಮಾರಾಟ

ಮಲಯಾಳದ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ಕಾಸರಗೋಡಿನಲ್ಲಿ ನನ್ನ ಕಸುಬು. ಹೊಸದಾಗಿ ಸೇರಿದ ಹುಡುಗನೊಬ್ಬ ಈಚೆಗೆ ಒಂದು ದೂರನ್ನು ಅನುವಾದಿಸಿ ಮೇಜಿನ ಮೇಲಿಟ್ಟ: ‘ಆರೋಪಿಯು ಪರೀಕ್ಷಾ ಕೊಠಡಿಯಲ್ಲಿ ಆಳು ಮಾರಾಟ ನಡೆಸಿದನು.’ ಗಾಬರಿಯಾಯಿತು. ಮಾರಿದ್ದು ಯಾರನ್ನು, ಕೊಂಡವರು ಯಾರು? ಮೂಲದಲ್ಲಿದ್ದದ್ದು ‘ಆಳ್‌ಮಾರಾಟ್ಟಂ’. ಒಬ್ಬನ ಹೆಸರಿನಲ್ಲಿ ಇನ್ನೊಬ್ಬ ಕುಳಿತು ಪರೀಕ್ಷೆ ಬರೆದಿದ್ದ, ಅಷ್ಟೆ.

ಹುಡುಗನನ್ನು ಬೈಯಲು ಮನಸ್ಸಾಗಲಿಲ್ಲ. ಅವನು ಎಡವಿದ ಬೇರು ಎರಡೂ ಭಾಷೆಗಳಿಗೆ ಸೇರಿದ್ದು. ಹಳಗನ್ನಡದಲ್ಲಿ ಅದು ಶಕಟರೇಫದ, ಅಂದರೆ ಈಗ ಬಳಕೆ ತಪ್ಪಿದ ಱ ಅಕ್ಷರದ, ‘ಮಾಱು’, ಅದಲುಬದಲಿನ ಮಾತು. ಮಲಯಾಳವೂ ತಮಿಳೂ ಬದಲಾಗುವುದನ್ನು ಹಿಡಿದುಕೊಂಡವು. ಕನ್ನಡ ಕೊಟ್ಟುಕೊಳ್ಳುವುದನ್ನು ಹಿಡಿದು ಅಂಗಡಿ ಸೇರಿತು. ಹಳೆಯ ಅರ್ಥದ ಎಳೆ ‘ಮಾರ್ದನಿ’ಯಲ್ಲಿ, ಕಥೆಯ ಅರಸರು ಊರು ಸುತ್ತುವ ‘ಮಾರುವೇಷ’ದಲ್ಲಿ ಉಳಿದಿದೆ.

ಹಾಗಾದರೆ ‘ಮಾರುವೇಷ’ ಎಂದೇ ಬರೆಯಬಹುದಲ್ಲ ಎಂದ ಹುಡುಗ. ಒಪ್ಪಲಿಲ್ಲ. ಪರೀಕ್ಷೆ ಬರೆದವನು ಮೀಸೆ ಅಂಟಿಸಿಕೊಂಡಿರಲಿಲ್ಲ, ಹೆಸರನ್ನಷ್ಟೇ ತೊಟ್ಟಿದ್ದ. ಮೇಲಾಗಿ ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇರುವ ಈ ಸೀಮೆಯಲ್ಲಿ ವೇಷಕ್ಕೆ ಮರ್ಯಾದೆಯಿದೆ. ವೇಷ ಕಟ್ಟುವ ಚೌಕಿಯಲ್ಲಿ ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿ ಇಡುತ್ತ ಗಂಟೆಗಟ್ಟಲೆ ಕೂರುವ ಬಣ್ಣದ ವೇಷಧಾರಿಯನ್ನು ವಂಚಕ ಎಂದವರುಂಟೇ? ‘ನಿನ್ನೆ ಅವರ ವೇಷ ಹೇಗಿತ್ತು?’ ಎಂದರೆ ಪಾತ್ರ ಕಳೆಗಟ್ಟಿತೇ ಎಂದೇ ಕೇಳಿದಂತೆ. ಮಲಯಾಳದಲ್ಲಂತೂ ದಿನವೂ ಉಡುವ ಬಟ್ಟೆಯೂ ‘ವೇಷಂ’. ಆದರೆ ಶಾಲೆಯ ಮಕ್ಕಳ ಸ್ಪರ್ಧೆಗೆ ನಾವು ಇಟ್ಟ ಹೆಸರು ‘ಛದ್ಮವೇಷ’. ಛದ್ಮ ಎಂದರೆ ಕಪಟ. ಗಾಂಧಿ ಕನ್ನಡಕ ಹಾಕಿಕೊಂಡ ಐದು ವರ್ಷದ ಮಗುವಿಗೆ ಇದು ಸ್ವಲ್ಪ ಹೆಚ್ಚೇ ಆಯಿತು.

ನಾನು ಬರೆಯಿಸಿದ್ದು ‘ಸೋಗು ಹಾಕಿ ವಂಚನೆ’. ಸೋಗಿಗೆ ಬಣ್ಣ, ಕಿರೀಟ ಬೇಡ. ಜ್ವರದ ಸೋಗು ಹಾಕಬಹುದು, ಕೇಳಿಸದವನ ಸೋಗು ಹಾಕಬಹುದು. ಮರಾಠಿಯ ‘ಸೋಂಗ್’ ಇದರ ನೆಂಟ. ಯಾವ ಸೋಗನ್ನಾದರೂ ಹಾಕಬಹುದು, ದುಡ್ಡಿನ ಸೋಗು ಹಾಕಲಾಗದು ಎಂಬ ಗಾದೆ ಅಲ್ಲಿದೆ. ‘ಸೋಗಲಾಡಿ’ ಮಾತ್ರ ದೂರಿಗೆ ಸಲ್ಲದು. ಅದು ಸ್ವಭಾವಕ್ಕೆ ಬೀಳುವ ಬೈಗುಳ. ಕಾನೂನಿಗೆ ಬೇಕಾದದ್ದು ಕೃತ್ಯ. ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಮಿನಂತೆ ಇದಕ್ಕೆ 5 ವರ್ಷದವರೆಗೆ ಸೆರೆಯಾಗಬಹುದು. ಲೋಕದಲ್ಲೇ ಇಲ್ಲದವನ ಹೆಸರು ಹೇಳಿಕೊಂಡು ವಂಚಿಸಿದರೂ ಅಪರಾಧವೇ.

ಹುಡುಗ ಸಂಜೆ ತಿದ್ದಿ ತಂದ. ಅಡಿಕೆ ತೋಟದ ಮನೆಯವನು. ‘ಸೋಗೆ ಹಾಕಿ ವಂಚನೆ’ ಎಂದು ಟೈಪ್ ಮಾಡಿದ್ದ.